ಹಿಗ್ಗಿತೋ ಇಲ್ಲವೋ

ಜರಡಿ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಕೆಲಸದ ಜಾಗದಲ್ಲಿ ಯಾರೋ ತಮಾಷೆಗೆ ಕರೆದರು, ಅಂಟಿಕೊಂಡಿತು. ಗುರುತ್ವದ ಅಲೆಗಳನ್ನು ಹಿಡಿಯುವ ಯಂತ್ರದಿಂದ ಬಂದು ಬೀಳುವ ಅಂಕಿಗಳ ರಾಶಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸುವುದು ಅವಳ ಕೆಲಸ. ಯಂತ್ರವೋ ಬಲು ನಾಜೂಕು. ದೂರದ ಹೆದ್ದಾರಿಯಲ್ಲಿ ಲಾರಿ ಹೋದರೆ ಅದಕ್ಕೆ ಗೊತ್ತಾಗುತ್ತದೆ, ಗಾಳಿ ಎದ್ದರೆ ಗೊತ್ತಾಗುತ್ತದೆ, ಪಕ್ಕದ ಶೆಡ್ಡಿನಲ್ಲಿ ನೀರಿನ ಪಂಪು ಶುರುವಾದರೂ ಗೊತ್ತಾಗುತ್ತದೆ. ಈ ಗದ್ದಲದ ನಡುವೆ, ಆಕಾಶದ ಯಾವುದೋ ಮೂಲೆಯಲ್ಲಿ ಎರಡು ಭಾರಿ ಕಾಯಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಡಿಕ್ಕಿ ಹೊಡೆದಾಗ ಎದ್ದ ಅಲೆ, ಕೋಟ್ಯಂತರ ವರ್ಷ ಸಾಗಿ ಸೊರಗಿ ಬಂದು ಮುಟ್ಟುತ್ತದೆ. ಸಂತೆಯ ಗಲಾಟೆಯಲ್ಲಿ ಒಂದು ಸೊಳ್ಳೆಯ ಗುಂಯ್ ಸದ್ದನ್ನು ಹೆಕ್ಕಿದ ಹಾಗೆ ಅದನ್ನು ಹೆಕ್ಕಬೇಕು.

ಅವಳಪ್ಪ ನೀರಿನ ಮೀಟರು ಓದುವ ಕೆಲಸದಲ್ಲಿದ್ದವರು. ಬೀದಿ ಬೀದಿ ಅಲೆದು ಅಂಕಿ ಗುರುತು ಹಾಕಿಕೊಂಡು ಬರುತ್ತಿದ್ದ ಆ ಮನುಷ್ಯ ಮನೆಯೊಳಗೆ ಮಾತ್ರ ಯಾವುದಕ್ಕೂ ಒಂದು ಖಚಿತ ಮಾತು ಆಡಿದವರಲ್ಲ. ಮನೆ ಬದಲಾಯಿಸೋಣವೇ ಎಂದರೆ "ನೋಡೋಣ". ಸೋರುವ ನಲ್ಲಿ ಸರಿಮಾಡಿಸುವುದು ಯಾವಾಗ ಎಂದರೆ "ನೋಡೋಣ". ದೊಡ್ಡ ಮಗಳನ್ನು ಕೇಳಿಕೊಂಡು ಬಂದ ರೈಲ್ವೆ ಗಾರ್ಡು ಎದುರಿಗೆ ಕೂತು, ನಿಮ್ಮ ಒಪ್ಪಿಗೆ ಇದೆಯೇ ಎಂದಾಗಲೂ "ನೋಡೋಣ" ಎಂದು ಎದ್ದು ಒಳಗೆ ಹೋಗಿಬಿಟ್ಟಿದ್ದರು. ಅಮ್ಮನೇ ಹೊರಗೆ ಬಂದು ಹೂಂ ಅನ್ನಬೇಕಾಯಿತು. ಚಿಕ್ಕ ಮಗಳಿಗೆ ಆ ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಭೌತಶಾಸ್ತ್ರ ಹಿಡಿದದ್ದೇ ಆ ಉರಿಗೆ. ಅಲ್ಲಾದರೂ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ ಎಂದು ನಂಬಿದ್ದಳು. ಎಂಥ ನಂಬಿಕೆ!

ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಮಾಡಿ, ತಡವಾಗಿ ಪಿಎಚ್‌ಡಿ ಮುಗಿಸಿ, ಅಲೆಗಳ ಗುಂಪಿಗೆ ಸೇರುವಷ್ಟರಲ್ಲಿ ತಲೆಯಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಕೆಲಸ ಕಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವಂಥದ್ದು. ಮದುವೆಯ ಮಾತು ಕೆಲವು ಸಲ ಬಂದು, ಬಂದ ದಾರಿಯಲ್ಲೇ ಹೋಗಿ, ಆಮೇಲೆ ಬರುವುದನ್ನೇ ಬಿಟ್ಟಿತು. ಹೆತ್ತವರು ಹೋದ ಮೇಲೆ ಅಕ್ಕ ಭಾವನ ಮನೆಯ ಮಹಡಿಯ ಕೋಣೆಯೇ ಅವಳ ಮನೆ. ಕೆಳಗೆ ಮುಂಬಾಗಿಲ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರೆಹೊಲಿದ ಅಂಗಿಗಳು, ನೆಲದ ತುಂಬ ದಾರದ ಚೂರುಗಳು. ರೈಲ್ವೆಯಿಂದ ನಿವೃತ್ತನಾದ ಭಾವ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಲೋಕದ ಆಗುಹೋಗು ತಿಳಿಸುವುದು. ರೈಲು ಹೊರಡಲು ಹಸಿರು ಬಾವುಟ ತೋರಿಸಿ ತೋರಿಸಿ ಅಭ್ಯಾಸವಾದ ಆತನಿಗೆ ಯಾವ ಮಾತನ್ನೂ ತಡೆದು ನಿಲ್ಲಿಸಲು ಬರುತ್ತಿರಲಿಲ್ಲ.

ಆ ಅಲೆ ಬಂದದ್ದು ಒಂದು ಮಧ್ಯಾಹ್ನ, ಎಲ್ಲರೂ ಊಟದ ಡಬ್ಬಿ ಬಿಚ್ಚಿದ ಹೊತ್ತಿಗೆ. ಒಬ್ಬೊಬ್ಬರ ಫೋನೂ ಗುಂಯ್‌ಗುಟ್ಟಿತು. ಎಣ್ಣೆ ಕೈಯಲ್ಲೇ ಎಲ್ಲರೂ ಪರದೆಯ ಮುಂದೆ ನೆರೆದರು. ಗುಂಪಿನ ಮುಖ್ಯಸ್ಥರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವ ಜಾಯಮಾನದವರು, ಆವತ್ತೂ ಹುಡುಕುತ್ತಲೇ ಓಡಿ ಬಂದರು.

ಎರಡು ಕಾಯಗಳಲ್ಲಿ ದೊಡ್ಡದು ಕಪ್ಪುಕುಳಿ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಷ್ಟು ತೂಕದ್ದು ಬೇರೇನೂ ಆಗಿರಲಾರದು. ತಕರಾರು ಇದ್ದದ್ದು ಚಿಕ್ಕದರದ್ದು. ಸತ್ತ ನಕ್ಷತ್ರದ ತಿರುಳು ಕುಸಿದು ಗಟ್ಟಿಯಾದರೆ ನ್ಯೂಟ್ರಾನ್ ನಕ್ಷತ್ರ, ಇನ್ನೂ ಭಾರವಾಗಿದ್ದು ಪೂರ್ತಿ ಕುಸಿದರೆ ಕಪ್ಪುಕುಳಿ. ಇದರ ತೂಕ ಎರಡರ ನಡುವೆ ಬಂದು ಕೂತಿತ್ತು. ನ್ಯೂಟ್ರಾನ್ ನಕ್ಷತ್ರ ಎನ್ನೋಣವೆಂದರೆ ಅತಿ ಭಾರ, ಕಪ್ಪುಕುಳಿ ಎನ್ನೋಣವೆಂದರೆ ಅತಿ ಹಗುರ. ಇತ್ತ ದರಿ ಅತ್ತ ಪುಲಿ. ಪತ್ತೆಹಚ್ಚುವ ಕೆಲಸ ಜರಡಿಯ ಪಾಲಿಗೆ ಬಂತು. ಯಾರೂ ಕೊಟ್ಟದ್ದಲ್ಲ, ಅವಳೇ ಕೈ ಎತ್ತಿದಳು.

ಸಂಜೆ ಮನೆಗೆ ಬಂದವಳು ಅಕ್ಕನ ಹೊಲಿಗೆ ಯಂತ್ರದ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂತಳು.

"ಎರಡರಲ್ಲಿ ಯಾವುದು ಅಂತ ಹೆಂಗೆ ಕಂಡುಹಿಡೀತೀಯ? ಕಾಣೋದೇ ಇಲ್ಲ ಅಂತೀಯ," ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ.

"ಹಿಗ್ಗುತ್ತೋ ಇಲ್ವೋ ನೋಡ್ಬೇಕು."

"ಅಂದ್ರೆ, ಬಟ್ಟೆ ಎಳೆದು ನೋಡ್ತೀವಲ್ಲ, ಹಾಗಾ?"

"ಹಾಗೇ ಅಂದ್ಕೋ. ಎಳೆಯೋದು ಪಕ್ಕದಲ್ಲಿರೋ ದೊಡ್ಡದು. ಚಿಕ್ಕದು ನಕ್ಷತ್ರ ಆಗಿದ್ರೆ ಅದಕ್ಕೊಂದು ಮೈ ಇರುತ್ತೆ, ಒಂಚೂರಾದ್ರೂ ಹಿಗ್ಗುತ್ತೆ. ಕಪ್ಪುಕುಳಿಗೆ ಮೈಯೇ ಇಲ್ಲ, ಹಿಗ್ಗೋದೇನು ಬಂತು? ಹಿಗ್ಗೋಕೆ ಶಕ್ತಿ ಬೇಕಲ್ಲ, ಅದು ಸುತ್ತೋ ಓಟದಿಂದ್ಲೇ ಖರ್ಚಾಗುತ್ತೆ. ಆಗ ಡಿಕ್ಕಿ ಕೂದಲೆಳೆಯಷ್ಟು ಬೇಗ ಆಗುತ್ತೆ. ಅಲೆ ಅಷ್ಟರಮಟ್ಟಿಗೆ ತಾಳ ತಪ್ಪುತ್ತೆ."

"ತಪ್ಪಿದ್ಯಾ?"

"ಇವತ್ತು ತಾನೇ ಬಂದಿದೆ ಕಣೇ. ಉಸಿರಾಡೋಕೆ ಬಿಡು."

ಮುಖ್ಯಸ್ಥರು ಮೊದಲೇ ಎಚ್ಚರಿಸಿದ್ದರು. ಇಷ್ಟು ಭಾರದ ನ್ಯೂಟ್ರಾನ್ ನಕ್ಷತ್ರ ಕಲ್ಲಿನಂತೆ ಬಿಗಿದುಕೊಂಡಿರುತ್ತದೆ, ಹಿಗ್ಗುವುದೇ ಕಡಿಮೆ. ಜೊತೆಗೆ ಪಕ್ಕದ ಕುಳಿ ಎಷ್ಟು ದೊಡ್ಡದೆಂದರೆ, ಹಿಗ್ಗುವ ಮೊದಲೇ ಇಡಿಯಾಗಿ ನುಂಗಿಬಿಡುತ್ತದೆ. "ಬೆಟ್ಟ ಅಗೆದು ಇಲಿ ಹಿಡಿಯೋ ಕೆಲಸ ಇದು. ಇಲಿಯೂ ಸಿಗ್ಲಿಕ್ಕಿಲ್ಲ," ಎಂದಿದ್ದರು. ಜರಡಿ ಕೇಳಲಿಲ್ಲ. ಮಳೆಗಾಲ ಹೋಗಿ ಚಳಿ ಬಂತು, ಅವಳು ಅದೇ ಅಲೆಯನ್ನು ತಿರುಗಿಸಿ ಮುರುಗಿಸಿ ಲೆಕ್ಕ ಹಾಕುತ್ತಲೇ ಇದ್ದಳು. ಕೊನೆಗೆ ಒಂದು ದಿನ ಪರದೆಯ ಮೇಲೆ ಉತ್ತರ ಮೂಡಿತು. ಹಿಗ್ಗಿತ್ತು. ಹಿಗ್ಗಿದ್ದು ಕೊಂಚವಲ್ಲ, ಯಾವ ನ್ಯೂಟ್ರಾನ್ ನಕ್ಷತ್ರವೂ ಹಿಗ್ಗಲಾರದಷ್ಟು.

ಅದರ ಅರ್ಥ ಏನು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈ ಇರುವುದರಿಂದ ಅದು ಕಪ್ಪುಕುಳಿಯಲ್ಲ. ಇಷ್ಟು ಮೆದುವಾಗಿರುವುದರಿಂದ ನ್ಯೂಟ್ರಾನ್ ನಕ್ಷತ್ರವೂ ಅಲ್ಲ. ಕಾಗದದ ಮೇಲೆ ಮಾತ್ರ ಲೆಕ್ಕ ಹಾಕಿಟ್ಟಿರುವ, ಯಾರೂ ಕಂಡಿರದ ಮೂರನೆಯ ಜಾತಿಯ ಕಾಯ. ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಹವಾನಿಯಂತ್ರಕದಿಂದ ಬಕೆಟ್ಟಿಗೆ ತೊಟ್ಟಿಕ್ಕುತ್ತಿದ್ದ ನೀರು ತುಂಬಿ ನೆಲಕ್ಕೆ ಹರಿಯುತ್ತಿದ್ದುದು ಕಾಲು ಒದ್ದೆಯಾದ ಮೇಲೇ ಗೊತ್ತಾದದ್ದು.

ಆ ಸಂಜೆ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. ಹೇಳಿಬಿಟ್ಟಳು. ಹೇಳಿದ ಮೇಲೆ, "ಇದು ಹೊರಗೆ ಹೋಗ್ಬಾರ್ದು ಭಾವ. ಗುಂಪಿನೋರೆಲ್ಲ ಪರೀಕ್ಷೆ ಮಾಡಿ ಒಪ್ಪೋವರೆಗೂ ಬಾಯಿ ಬಿಡೋ ಹಾಗಿಲ್ಲ. ನಿಯಮ ಇದೆ," ಎಂದಳು.

"ನನಗೆ ಹೇಳ್ಬೇಕಾ ನೀನು? ಮೂವತ್ತು ವರ್ಷ ರೈಲು ಓಡಿಸಿದೋನು ನಾನು," ಎಂದ ಭಾವ.

"ಓಡಿಸಿದ್ದು ಡ್ರೈವರು. ನೀವು ಹಿಂದೆ ಕೂತಿದ್ರಿ," ಎಂದಳು ಅಕ್ಕ.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವನು ಬಿಡಿಸಿ ಹಿಡಿದಿದ್ದ ಪತ್ರಿಕೆಯಲ್ಲಿ ತನ್ನದೇ ಫೋಟೋ ನೋಡಿ ಜರಡಿಗೆ ಜೀವ ಬಾಯಿಗೆ ಬಂತು. ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಕತ್ತರಿಸಿ ತೆಗೆದ ಮುಖ, ಪಕ್ಕದಲ್ಲಿ ಅಕ್ಕನ ಅರ್ಧ ಕಿವಿ. ಮೇಲೆ ದಪ್ಪಕ್ಷರದಲ್ಲಿ: "ಕುಳಿಯೂ ಅಲ್ಲ, ತಾರೆಯೂ ಅಲ್ಲ! ನಮ್ಮೂರ ಮಹಿಳೆಯ ಮಹಾಶೋಧ".

ಬಸ್ಸಿಳಿದು ಆಫೀಸು ಮುಟ್ಟುವ ಹೊತ್ತಿಗೆ ಸಮುದ್ರದಾಚೆಯ ಗುಂಪುಗಳಿಗೂ ಸುದ್ದಿ ಹೋಗಿತ್ತು. ಅಲೆಯನ್ನು ಹಿಡಿದದ್ದು ಒಂದೇ ಯಂತ್ರವಲ್ಲ, ಬೇರೆ ಬೇರೆ ಕಡೆಯ ಯಂತ್ರಗಳು. ಅಂಕಿಗಳು ಎಲ್ಲರ ಸೊತ್ತು, ಮಾತನ್ನೂ ಎಲ್ಲರೂ ಸೇರಿಯೇ ಆಡಬೇಕು. ಅಂದು ಮಧ್ಯಾಹ್ನ ಕಂಪ್ಯೂಟರಿನ ಪರದೆಯಲ್ಲಿ ಸಾಲು ಸಾಲು ಮುಖಗಳು. ಯಾರೂ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಪರಿಶೀಲನಾ ಸಮಿತಿಯ ಹಿರಿಯಾಕೆ ತಣ್ಣಗಿನ ದನಿಯಲ್ಲಿ, ಈ ವಿಷಯದಲ್ಲಿ ಇನ್ನು ಮುಂದೆ ಜರಡಿ ಯಾವ ಸಭೆಯಲ್ಲೂ ಮಾತಾಡುವಂತಿಲ್ಲ, ಲೆಕ್ಕವನ್ನು ಬೇರೆಯವರು ಮಂಡಿಸುತ್ತಾರೆ, ಪ್ರತಿಯೊಂದು ಹಂತವನ್ನೂ ಮೊದಲಿಂದ ಪರೀಕ್ಷಿಸಲಾಗುತ್ತದೆ ಎಂದಳು. ಮುಖ್ಯಸ್ಥರು ಹಣೆಯ ಮೇಲಿನ ಕನ್ನಡಕವನ್ನು ಇಳಿಸಿ ಒರೆಸಿದರು, ಮತ್ತೆ ಒರೆಸಿದರು. ಜರಡಿಯ ಕಡೆ ನೋಡಲಿಲ್ಲ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ಯಾರಿಗೆ ಹೇಳಿದ್ರಿ ಭಾವ?"

"ಒಬ್ಬನಿಗೇ ಕಣಮ್ಮ. ದೇವರಾಣೆ."

"ಯಾರಿಗೆ?"

"ನಮ್ಮ ಕಟಿಂಗ್ ಶಾಪಿನವನಿಗೆ. ಅವನು ಕೇಳ್ದ, ನಿಮ್ಮ ನಾದಿನಿ ಏನು ಮಾಡ್ತಾರೆ ಅಂತ. ಕತ್ತರಿ ಕಿವಿ ಹತ್ರ ಇತ್ತು..."

"ಕಟಿಂಗ್ ಶಾಪಿನವನಿಗೆ! ಅದರ ಬದಲು ಕೊರಳಿಗೆ ತಮಟೆ ಕಟ್ಕೊಂಡು ಡಂಗುರ ಹೊಡೀಬೇಕಿತ್ತು. ಅಲ್ಲಿಗೆ ಪೇಪರಿನೋರೂ ಕ್ಷೌರಕ್ಕೆ ಬರ್ತಾರೆ ಅಂತ ಗೊತ್ತಿಲ್ವಾ ನಿಮಗೆ? ಫೋಟೋ ಬೇರೆ ಕೊಟ್ಟಿದೀರಿ!"

"ಫೋಟೋ ಚೆನ್ನಾಗೇ ಬಂದಿದೆಯಲ್ಲ," ಎಂದ ಭಾವ, ತಗ್ಗಿದ ದನಿಯಲ್ಲಿ. ತಪ್ಪು ತನ್ನದು ಎಂದು ಆತನಿಗೆ ಗೊತ್ತಾಗಿತ್ತು, ಆದರೆ ಎಷ್ಟು ದೊಡ್ಡ ತಪ್ಪು ಎನ್ನುವುದು ಗೊತ್ತಾಗಿರಲಿಲ್ಲ. ಹೆಮ್ಮೆಗೆ ಮಾಡಿದ ಕೆಲಸ ಹೀಗೆ ತಿರುಗಿ ಕಚ್ಚುತ್ತದೆ ಎಂದು ಪಾಪ ಆತ ಎಣಿಸಿಯೇ ಇರಲಿಲ್ಲ. ಜರಡಿಗೆ ಅದೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೆಟ್ಟವನಾಗಿದ್ದರೆ ಮನಸಾರೆ ಬೈಯಬಹುದಿತ್ತು. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ತಟ್ಟೆ ಹಿಡಿದು ಬಂದು ಬಾಗಿಲ ಹೊರಗಿಟ್ಟು ಹೋದಳು.

ಅಲ್ಲಿಂದ ಶುರುವಾಯಿತು ಪರಿಶೀಲನೆ. ಸಮಿತಿಯವರು ಒಂದು ಪ್ರಶ್ನೆ ಕಳಿಸುವುದು, ಜರಡಿ ವಾರಗಟ್ಟಲೆ ಕೂತು ಉತ್ತರ ತಯಾರಿಸುವುದು, ಆ ಉತ್ತರಕ್ಕೆ ಎರಡು ಹೊಸ ಪ್ರಶ್ನೆ ಬರುವುದು. ಸುಳ್ಳು ಅಲೆಗಳನ್ನು ಹುಟ್ಟಿಸಿ ಗದ್ದಲದೊಳಗೆ ಬೆರೆಸಿ, ನಿನ್ನ ಲೆಕ್ಕ ಇದನ್ನು ಹೆಕ್ಕುತ್ತದೆಯೇ ನೋಡು ಎಂದರು. ಹೆಕ್ಕಿ ತೋರಿಸಿದಳು. ತಾಳದ ಲೆಕ್ಕಕ್ಕೆ ಬೇರೆ ಸೂತ್ರ ಹಿಡಿದು ನೋಡು ಎಂದರು. ನೋಡಿದಳು, ಹಿಗ್ಗಿಯೇ ಇತ್ತು. ಮೂರನೆಯ ಯಂತ್ರದಲ್ಲಿ ಇದು ಮಸುಕಾಗಿ ಕಾಣುತ್ತದಲ್ಲ, ಯಾಕೆ ಎಂದರು. ಅದರ ಕಿವಿ ಸ್ವಲ್ಪ ಮಂದ ಎಂದು ಬರೆದಳು. ಎಷ್ಟು ಮಂದ, ತೋರಿಸು ಎಂದರು.

ಸಭೆಗಳಲ್ಲಿ ಅವಳ ಲೆಕ್ಕವನ್ನು ಮಂಡಿಸುತ್ತಿದ್ದವನು ಹೊಸದಾಗಿ ಸೇರಿದ ಒಬ್ಬ ಸಂಶೋಧಕ. ಒಳ್ಳೆಯವನೇ, ಆದರೆ ಪ್ರತಿ ಪ್ರಶ್ನೆಗೂ ಪಕ್ಕಕ್ಕೆ ತಿರುಗಿ ಅವಳ ಮುಖ ನೋಡುವನು. ಅವಳು ಚೀಟಿಯಲ್ಲಿ ಗೀಚಿ ಕೊಡುವಳು, ಅವನು ಓದುವನು. ಎದುರಿನವರಿಗೆಲ್ಲ ಇದು ಕಾಣುತ್ತಿತ್ತು, ಯಾರೂ ಕಂಡಂತೆ ತೋರಿಸಿಕೊಳ್ಳುತ್ತಿರಲಿಲ್ಲ. ತನ್ನ ಮಾತನ್ನು ಇನ್ನೊಬ್ಬನ ಬಾಯಲ್ಲಿ ಕೇಳಿ, ಅವನು ತಪ್ಪು ಉಚ್ಚರಿಸಿದಾಗಲೂ ತುಟಿ ಕಚ್ಚಿ ಕೂರುವುದಿದೆಯಲ್ಲ, ಅದು ಹಲ್ಲುನೋವಿಗಿಂತ ಕಡೆ.

ಬೀದಿಯಲ್ಲೋ ಬೇರೆಯೇ ಕತೆ. ತರಕಾರಿ ಅಂಗಡಿಯವಳು, "ನಿಮ್ಮನ್ನ ಪೇಪರಲ್ಲಿ ನೋಡಿದ್ವಿ," ಎಂದು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕುತ್ತಿದ್ದಳು. ಇನ್ನೂ ತೀರ್ಮಾನ ಆಗಿಲ್ಲ ಎಂದರೆ, "ದೊಡ್ಡೋರು ಹಂಗೇ ಹೇಳೋದು," ಎಂದು ನಗುತ್ತಿದ್ದಳು.

ಮರುವರ್ಷದ ಚಳಿಗಾಲಕ್ಕೆ ಸಮಿತಿಯ ಪ್ರಶ್ನೆಗಳು ಬತ್ತಿದವು. ಹಿರಿಯಾಕೆಯಿಂದ ಎರಡೇ ಸಾಲಿನ ಒಪ್ಪಿಗೆ ಬಂತು. ಲೆಕ್ಕದಲ್ಲಿ ದೋಷ ಕಂಡಿಲ್ಲ, ಪ್ರಬಂಧ ಬರೆಯಬಹುದು. ಮುಖ್ಯಸ್ಥರು ಸ್ವತಃ ಅವಳ ಕೋಣೆಗೆ ಬಂದು ಕೈ ಕುಲುಕಿ, "ಮಂಡಿಸೋದು ನೀವೇ. ನಾನು ಮಾತಾಡಿದೀನಿ," ಎಂದರು. ಜರಡಿ ಅವತ್ತು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದಳು.

ಅದೇ ವಾರ ಕನ್ನಡಿಯವನು ಬಂದ. ಯಂತ್ರದ ಉದ್ದುದ್ದ ಕೊಳವೆಗಳೊಳಗೆ ಲೇಸರ್ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವ ಕನ್ನಡಿಗಳನ್ನು ನೋಡಿಕೊಳ್ಳುವ ಎಂಜಿನಿಯರನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಬಂದರೆ ನಗಿಸದೆ ಹೋಗುವವನಲ್ಲ. ಆವತ್ತು ಬಾಗಿಲಲ್ಲೇ ನಿಂತ.

"ಒಳಗೆ ಬಾರಯ್ಯ. ಯಾಕೆ ಸಾಲಗಾರನ ಥರ ನಿಂತಿದೀಯ?"

"ಮೇಡಂ, ಪಶ್ಚಿಮದ ಕೊಳವೆ ಹತ್ರ ಒಂದು ತಗಡು ಸಡಿಲ ಆಗಿದೆ. ನಿನ್ನೆ ಬಿಚ್ಚಿದಾಗ ನೋಡಿದ್ವಿ."

"ಅದಕ್ಕೆ?"

"ಚೆದುರಿದ ಲೇಸರ್ ಬೆಳಕನ್ನ ಹಿಡಿಯೋ ತಗಡು ಅದು. ಸಡಿಲ ಇದ್ರೆ ನೆಲ ಅಲುಗಿದಾಗೆಲ್ಲ ಅದೂ ಅಲುಗುತ್ತೆ. ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ಅಸಲಿ ಬೆಳಕಿಗೆ ಸೇರ್ಕೊಳ್ಳುತ್ತೆ. ಯಂತ್ರಕ್ಕೆ ಅದೂ ಒಂದು ಅಲೆ ಅನ್ಸುತ್ತೆ. ಯಾವಾಗಿಂದ ಸಡಿಲ ಇರ್ಬಹುದು ಅಂತ ಹಳೇ ಅಂಕಿ ತೆಗೆದು ನೋಡ್ದೆ. ನಿಮ್ಮ ಅಲೆ ಬಂದ ದಿನಾನೂ ಇತ್ತು. ಅಲೆಯ ಮೊದಲ ಭಾಗದಲ್ಲೇ."

ಜರಡಿ ಕೂಗಾಡಿದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

"ಈಗ ಬಂದು ಹೇಳ್ತೀಯಾ? ಒಂದೂವರೆ ವರ್ಷ ಆದ್ಮೇಲೆ? ಊರೆಲ್ಲ ಸೂರೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ಯಾ? ಕನ್ನಡಿ ಸರಿ ಇದ್ಯಾ ಅಂತ ಎಷ್ಟು ಸಲ ಕೇಳಿದೀನಿ ನಿನ್ನ!"

"ಕನ್ನಡಿ ಸರಿ ಇತ್ತು ಮೇಡಂ. ತಗಡಿನ ಬಗ್ಗೆ ನೀವು ಕೇಳ್ಲಿಲ್ಲ. ನನಗೂ ಹೊಳೀಲಿಲ್ಲ."

ಅವನು ಹೇಳಿದ್ದು ನಿಜ. ಅದಕ್ಕಿಂತ ನಿಜ ಇನ್ನೊಂದಿತ್ತು. ಅಂಥ ಜೊಳ್ಳನ್ನು ತೂರಬೇಕಾದದ್ದು ಜರಡಿಯ ಕೆಲಸವೇ. ಅದು ಎಷ್ಟು ಮಸುಕಾಗಿತ್ತೆಂದರೆ ಅವಳ ಕಣ್ಣು ತಪ್ಪಿಸಿಕೊಂಡಿತ್ತು, ಸಮಿತಿಯ ಕಣ್ಣನ್ನೂ ತಪ್ಪಿಸಿಕೊಂಡಿತ್ತು. ಯಾರನ್ನು ಬೈಯುವುದು? ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

ಮತ್ತೆ ಲೆಕ್ಕಕ್ಕೆ ಕೂತಳು. ಕೂತ ದಿನಗಳಲ್ಲಿ ಒಂದೇ ಪ್ರಾರ್ಥನೆ, ಏನೂ ಬದಲಾಗದಿರಲಿ ಎಂದು. ಬೆಳಕಿನ ಆ ಕಳ್ಳ ಅಲೆಯನ್ನು ಕಳೆದು ನೋಡಿದರೆ, ಅಲೆಯ ಮೊದಲ ಭಾಗದಲ್ಲಿ ಎರಡು ಕಾಯಗಳ ತೂಕದ ಅಳತೆ ನವಿರಾಗಿ ಜರುಗಿತು. ತೂಕ ಜರುಗಿದರೆ ಕೊನೆಯ ಭಾಗದ ತಾಳ ಎಲ್ಲಿ ಬೀಳಬೇಕು ಎಂಬುದೂ ಜರುಗುತ್ತದೆ. ತಾಳ ತಪ್ಪಿತ್ತು ಎಂದು ಅವಳು ಹಿಡಿದದ್ದು ತಾಳ ತಪ್ಪಿದ್ದೇ ಆಗಿರಲಿಲ್ಲ. ಹಾಗಾದರೆ ಹಿಗ್ಗಲಿಲ್ಲ, ಕಪ್ಪುಕುಳಿಯೇ ಎನ್ನಬಹುದೇ? ಅದೂ ಇಲ್ಲ. ಹೊಸ ಉತ್ತರ ಸೊನ್ನೆಯಿಂದ ಹಿಡಿದು ಬಹುದೂರದವರೆಗೆ ಕಾಲು ಚಾಚಿಕೊಂಡು ಮಲಗಿತ್ತು. ಹಿಗ್ಗದೇ ಇರಬಹುದು, ಕೊಂಚ ಹಿಗ್ಗಿರಬಹುದು, ಚೆನ್ನಾಗಿಯೇ ಹಿಗ್ಗಿರಬಹುದು. ಕಪ್ಪುಕುಳಿ, ನ್ಯೂಟ್ರಾನ್ ನಕ್ಷತ್ರ, ಮೂರನೆಯದು, ಮೂವರೂ ಅದೇ ಚಾಪೆಯ ಮೇಲೆ ಮಲಗುವಷ್ಟು ಜಾಗವಿತ್ತು.

ಮರುದಿನ ಬೆಳಿಗ್ಗೆ ಅವಳೇ ಸಮಿತಿಗೆ ಬರೆದಳು. ಬರೆಯದೇ ಇರಬಹುದಿತ್ತೇ ಎಂಬ ಯೋಚನೆ ಅವಳಿಗೆ ಬಂದದ್ದು ತಿಂಗಳುಗಳಾದ ಮೇಲೆ, ಅದೂ ಬಸ್ಸಿನಲ್ಲಿ ಕೂತಾಗ, ಮತ್ತೆ ಅಷ್ಟೇ ಬೇಗ ಹೋಯಿತು. ಹಿರಿಯಾಕೆ ಫೋನು ಮಾಡಿ, ನಾವೇ ಒಪ್ಪಿದ್ದೆವಲ್ಲ ಎಂದಳು. ನಂತರ ಮೊದಲ ಸಲ ಮೆತ್ತಗಿನ ದನಿಯಲ್ಲಿ ಧನ್ಯವಾದ ಹೇಳಿದಳು. ಜರಡಿಗೆ ಆ ಧನ್ಯವಾದವನ್ನು ಎಲ್ಲಿಡಬೇಕು ಎಂದು ತಿಳಿಯಲಿಲ್ಲ.

ಪ್ರಬಂಧ ಬರೆಯುವಾಗ ಕೊನೆಯ ಜಗಳ. ಜಗಳ ಒಂದು ವಾಕ್ಯಕ್ಕೆ. "ಚಿಕ್ಕ ಕಾಯದ ಅಳತೆಗಳು ಕಪ್ಪುಕುಳಿಗೆ ಹೊಂದುತ್ತವೆ" ಎಂದು ಬಹಳಷ್ಟು ಜನ ಬರೆಯಬಯಸಿದರು.

"ಹೊಂದುತ್ತೆ ಸರ್, ಸುಳ್ಳಲ್ಲ," ಎಂದಳು ಜರಡಿ ಮುಖ್ಯಸ್ಥರಿಗೆ. "ನ್ಯೂಟ್ರಾನ್ ನಕ್ಷತ್ರಕ್ಕೂ ಹೊಂದುತ್ತೆ. ಬೇರೆಯದಕ್ಕೂ ಹೊಂದುತ್ತೆ. ಒಂದರ ಹೆಸರು ಮಾತ್ರ ಬರೆದ್ರೆ ಓದೋರು ಅದೇ ಅಂದ್ಕೋತಾರೆ."

"ಬರೆಯೋಕೆ ಏನಾದ್ರೂ ಒಂದು ಬೇಕಲ್ಲಮ್ಮ. ಗೊತ್ತಿಲ್ಲ ಅಂತ ಬರೆಯೋಕೆ ಇಷ್ಟು ಜನ, ಇಷ್ಟು ವರ್ಷ ಬೇಕಾಗಿತ್ತಾ ಅಂತ ಕೇಳ್ತಾರೆ."

"ಗೊತ್ತಿಲ್ಲ ಅನ್ನೋದೂ ಗೊತ್ತಾಗಿರೋದು ಈಗ್ಲೇ ತಾನೇ?"

ಮುಖ್ಯಸ್ಥರು ಕನ್ನಡಕ ಹುಡುಕತೊಡಗಿದರು. ಅದು ಹಣೆಯ ಮೇಲಿದೆ ಎಂದು ಅವಳು ಹೇಳಲಿಲ್ಲ. ಆವತ್ತು ಅಷ್ಟು ಔದಾರ್ಯ ಉಳಿದಿರಲಿಲ್ಲ. ತಿಕ್ಕಾಟ ನಡೆದು ನಡೆದು, ಪ್ರಬಂಧದೊಳಗೆ ಅವಳ ವಾಕ್ಯ ಉಳಿಯಿತು, ಯಾವುದೆಂದು ಬೇರ್ಪಡಿಸಲು ಈ ಅಲೆಯಿಂದ ಸಾಧ್ಯವಿಲ್ಲ ಎಂದು. ಆದರೆ ಎಲ್ಲರೂ ಓದುವ ಮೊದಲ ಪುಟದ ಸಾರಾಂಶದಲ್ಲಿ ಅವರ ವಾಕ್ಯ ಕೂತಿತು. ಒಳಪುಟ ಓದುವವರು ಯಾರು? ವರ್ಷ ಕಳೆಯುವಷ್ಟರಲ್ಲಿ ಬೇರೆಯವರ ಪಟ್ಟಿಗಳಲ್ಲೆಲ್ಲ ಆ ಕಾಯ "ಕಪ್ಪುಕುಳಿ, ಬಹುಶಃ" ಎಂದು ಸೇರಿತು. ಆಮೇಲೆ ಯಾರೋ ಜಾಗ ಸಾಲದೆಂದು "ಬಹುಶಃ" ಬಿಟ್ಟರು.

ಪತ್ರಿಕೆಗೆ ತಿದ್ದುಪಡಿ ಕಳಿಸಿದಳು. ಸಂತಾಪ ಸೂಚನೆಗಳ ಕೆಳಗೆ, ಬೆರಳಗಲದ ಜಾಗದಲ್ಲಿ ಬಂತು, ಅದರಲ್ಲೂ ಅವಳ ಹುದ್ದೆ ತಪ್ಪಾಗಿತ್ತು. ಒಂದು ದಿನ ಸಂಜೆ ಬಸ್ಸಿಳಿದು ಬರುವಾಗ ಕಟಿಂಗ್ ಶಾಪಿನ ಕನ್ನಡಿಯ ಮೂಲೆಯಲ್ಲಿ ಹಳೆಯ ಸುದ್ದಿ ಕತ್ತರಿಸಿ ಅಂಟಿಸಿದ್ದು ಕಂಡಿತು. ಇಷ್ಟು ದಿನ ಆ ಕಡೆ ತಿರುಗಿ ನೋಡಿರಲಿಲ್ಲ. ಸೀದಾ ಒಳಗೆ ನುಗ್ಗಿದಳು. ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಗಾಬರಿಯಿಂದ ಕಣ್ಣು ಬಿಟ್ಟ.

"ಅದನ್ನ ತೆಗೀರಿ. ಅದು ತಪ್ಪು ಸುದ್ದಿ."

"ಅಯ್ಯೋ, ಬನ್ನಿ ಮೇಡಂ, ಕೂತ್ಕೊಳ್ಳಿ! ತಪ್ಪು ಅಂದ್ರೆ? ಹಾಗಿದ್ರೆ ಅದು ಕುಳೀನೇ ಅಂತ ಆಯ್ತಾ?"

"ಆಗ್ಲಿಲ್ಲ."

"ಮತ್ತೆ ನಕ್ಷತ್ರ?"

"ಅದೂ ಆಗ್ಲಿಲ್ಲ. ಯಾವುದು ಅಂತ ಹೇಳೋಕಾಗಲ್ಲ ಅಂತ ಆಯ್ತು."

"ಅಂದ್ರೆ ಇದು ಸುಳ್ಳು ಅಂತಾನೂ ಹೇಳೋಕಾಗಲ್ಲ ಅಲ್ವಾ? ಮತ್ತೆ ಇರ್ಲಿ ಬಿಡಿ ಮೇಡಂ. ನಮ್ಮ ಬೀದಿಗೊಂದು ಮರ್ಯಾದೆ." ಎಂದವನೇ ಗಿರಾಕಿಯ ಗಲ್ಲ ಎತ್ತಿ ಕತ್ತಿ ಇಟ್ಟ.

ಸುಳ್ಳೆಂದು ತೋರಿಸಲಾಗದ್ದೆಲ್ಲ ನಿಜವಾಗುವುದಿಲ್ಲ ಎಂದು ಅವನಿಗೆ ವಿವರಿಸಲು ಹೊರಟರೆ ಮೂರು ಜನರ ಕ್ಷೌರ ಮುಗಿಯುತ್ತಿತ್ತು. ಅವನು ಒಪ್ಪುತ್ತಲೂ ಇರಲಿಲ್ಲ. ಜರಡಿ ಹೊರಗೆ ಬಂದು ಮನೆಯ ಕಡೆ ಎಷ್ಟು ಜೋರಾಗಿ ನಡೆದಳೆಂದರೆ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದ ನಾದಿನಿಯನ್ನು ನೋಡಿ ಭಾವ ಏನೂ ಕೇಳದೆ ಎದ್ದು, ಚಪ್ಪಲಿ ಇಸಕೊಂಡು, ಹೊಲಿಸಿ ತರಲು ಹೊರಟ. ತಿಂಗಳುಗಳಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು ನಡೆದಿತ್ತು. ಅವಳು ಬೇಡ ಎನ್ನಲಿಲ್ಲ.

ಆ ವರ್ಷ ಯಂತ್ರವನ್ನು ನಿಲ್ಲಿಸಿ ರಿಪೇರಿಗೆ ತೆಗೆದರು. ಲೆಕ್ಕದ ಮೇಜು ಬಿಟ್ಟು ಕನ್ನಡಿಯವನ ಜೊತೆ ಕೊಳವೆಯ ಕಡೆ ಹೋಗುತ್ತೇನೆ ಎಂದು ಜರಡಿ ಬರೆದುಕೊಟ್ಟಳು. ಮುಖ್ಯಸ್ಥರು ಯಾಕೆ ಎಂದು ಕೇಳಲಿಲ್ಲ. ಬಿಳಿ ಮೇಲಂಗಿ, ತಲೆಗೆ ಟೋಪಿ, ಬಾಯಿಗೆ ಮುಸುಕು. ಕಣ್ಣು ಹಾಯುವಷ್ಟೂ ಉದ್ದದ ಕಟ್ಟಡ, ಅದರೊಳಗೆ ಸೊಂಟದೆತ್ತರದ ಉಕ್ಕಿನ ಕೊಳವೆ. ಅವಳು ಟಾರ್ಚು ಹಿಡಿದು ಬಾಗಿ ಬಾಗಿ ತಗಡುಗಳನ್ನು ನೋಡುತ್ತ, ಬೋಲ್ಟುಗಳನ್ನು ಬಿಗಿಯುತ್ತ ಹೋದಳು. ಬೋಲ್ಟಿನ ವಿಷಯದಲ್ಲಿ ಗೊಂದಲವಿರಲಿಲ್ಲ. ಬಿಗಿಯಾದರೆ ಬಿಗಿ, ಇಲ್ಲದಿದ್ದರೆ ಇಲ್ಲ. ಬೆನ್ನು ನೋಯುತ್ತಿತ್ತು, ಆದರೂ ಆ ಕೆಲಸ ಹಿಡಿಸಿತು.

ಪಶ್ಚಿಮದ ತಗಡನ್ನು ಭದ್ರಪಡಿಸಿದ ದಿನ ಕನ್ನಡಿಯವನು ಪರದೆಯ ಮುಂದೆ ಕೂತ. ಅವಳು ರಬ್ಬರಿನ ಸುತ್ತಿಗೆಯಿಂದ ಕೊಳವೆಯನ್ನು ಮೆಲ್ಲಗೆ ಬಡಿದಳು. ಮೊದಲು ಬಡಿದಾಗೆಲ್ಲ ಪರದೆಯ ಮೇಲೆ ಕಮಾನಿನಂಥ ಗೆರೆಗಳು ಏಳುತ್ತಿದ್ದವು.

"ಹೋಯ್ತಾ?" ಎಂದು ಕೂಗಿದಳು.

"ಹೋಯ್ತು ಮೇಡಂ!" ಎಂದ. ತಡೆದು, "ಇಲ್ಲ, ಇನ್ನೊಂದು ಇದೆ. ಮೊದಲಿನದರ ಹಿಂದೆ ಅಡಗಿತ್ತು. ಬೇರೆ ಎಲ್ಲಿಂದಲೋ ಬರ್ತಿದೆ," ಎಂದ.

ಅವಳು ಸುತ್ತಿಗೆಯನ್ನು ಸಲಕರಣೆ ಪೆಟ್ಟಿಗೆಗೆ ಒಗೆದಳು. ಅದು ಬಿದ್ದ ಸದ್ದು ಕಟ್ಟಡದ ಆ ತುದಿಯವರೆಗೆ ಹೋಗಿ ವಾಪಸ್ ಬಂತು. ಮುಸುಕು ಕಿತ್ತು ಪೆಟ್ಟಿಗೆಯ ಮೇಲೆ ಕೂತು, ಯಂತ್ರವನ್ನೂ, ಬೆಳಕನ್ನೂ, ಈ ಉದ್ಯೋಗವನ್ನೂ, ಅದನ್ನು ಕಂಡುಹಿಡಿದವರ ವಂಶವನ್ನೂ ಬಾಯಿಗೆ ಬಂದಂತೆ ಬೈದಳು. ಕನ್ನಡಿಯವನು ಮುಗಿಯುವವರೆಗೆ ಕಾದ.

"ಎಲ್ಲಿಂದ ಅಂತ ಅನ್ಸುತ್ತೆ ನಿನಗೆ?" ಎಂದಳು ಕೊನೆಗೆ.

"ನಾಲ್ಕನೇ ಬಾಗಿಲ ಆಸುಪಾಸು ಇರ್ಬೇಕು. 'ಇರ್ಬೇಕು' ಅಷ್ಟೆ, ಮತ್ತೆ ನನ್ನ ಹಿಡ್ಕೋಬೇಡಿ. ಊಟ ಮಾಡಿ ಹೋಗೋಣ್ವಾ?"

"ಈಗ್ಲೇ."

"ಮೇಡಂ, ಹಸಿವಲ್ಲಿ ನನ್ನ ಕೈ ನಡುಗುತ್ತೆ. ಅದೂ ಅಲೆ ಥರ ಕಾಣುತ್ತೆ."

ಅವಳಿಗೆ ನಗು ಬರಲಿಲ್ಲ. ಆದರೆ ಪೆಟ್ಟಿಗೆಯ ಒಂದು ಕಡೆಯ ಹಿಡಿಕೆ ತಾನು ಹಿಡಿದು, ಇನ್ನೊಂದನ್ನು ಅವನ ಕಡೆಗೆ ತಿರುಗಿಸಿದಳು. ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ಕೊಳವೆಯ ಪಕ್ಕದಲ್ಲಿ ನಡೆಯತೊಡಗಿದರು. ಊಟದ ಡಬ್ಬಿ ಯಾವ ಬಾಗಿಲ ಬಳಿ ಇಟ್ಟಿದ್ದೇವೆ ಎಂದು ಅವನು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ.